ನದಿಯಲ್ಲಿರಬೇಕಾದ ಲೋಟ

ನದಿಯ ದಂಡೆಯಲ್ಲೊಂದು ಆಶ್ರಮವಿತ್ತು. ಅಲ್ಲಿ ಭಜನೆ ಇರಲಿಲ್ಲ, ಪ್ರವಚನ ಇರಲಿಲ್ಲ. ನಾಲ್ಕು ತಗಡಿನ ಕೋಣೆ, ಒಂದು ಅಡುಗೆಮನೆ, ನಡುವೆ ನೆಲ ಕೊರೆಯುವ ಯಂತ್ರ.

ಅಲ್ಲಿಯ ಗುರು ನೀಲಗಂಗಮ್ಮ. ಎಲ್ಲರೂ ಅಕ್ಕ ಎನ್ನುತ್ತಿದ್ದರು. ಭೂಮಿಯ ಹೊಟ್ಟೆಯೊಳಗಿನ ಕಾವನ್ನು ಮೇಲೆ ತಂದು ಕರೆಂಟು ಮಾಡಬೇಕು, ಅದಕ್ಕಾಗಿ ಸುಡುವ ಬಂಡೆಯನ್ನು ಕೊರೆಯುವ ವಿದ್ಯೆ ಬೇಕು. ಅವರು ಬದುಕಿಡೀ ಹುಡುಕಿದ್ದು ಆ ವಿದ್ಯೆಯನ್ನೇ, ಕಲಿಸುತ್ತಿದ್ದದ್ದೂ ಅದನ್ನೇ.

ಶಿಷ್ಯ ಮಾಳಿಂಗನಿಗೆ ಆ ಯಂತ್ರ ಕೊರೆದ ಬೋರೆಂದರೆ ಭಯ.

ಬಂದ ದಿನವೇ ಅವನು ಬೋರಿನ ಬಾಯಿಗೆ ಕಿವಿ ಇಟ್ಟಿದ್ದ. ಒಳಗೆ ಯಾರೋ ಮಲಗಿ ಉಸಿರಾಡುವಂಥ ಸದ್ದು. ಅಂದಿನಿಂದ ಅನ್ನ ಸರಿಯಾಗಿ ಇಳಿದಿರಲಿಲ್ಲ.

ಬೇರೊಂದು ಕಡೆ ಆದ ಕಥೆಯನ್ನೂ ಅವನು ಕೇಳಿದ್ದ. ಪೈಪಿನ ಸುತ್ತ ತುಂಬಿದ ಸಿಮೆಂಟು ಹಸಿಯಾಗಿರುವಾಗಲೇ ಕೊರೆಯಲು ಮೇಲಿನಿಂದ ಹುಕುಂ ಬಂತಂತೆ. ಕಾದ ನೀರು ಪೈಪಿನೊಳಗೆ ಏರದೆ ಹೊರಗಿನ ಸಂದಿನಿಂದ ಏರಿತಂತೆ, ನಿಂತವರ ಕಾಲಡಿಯಿಂದ. ಒಬ್ಬನ ಅಂಗಿ ಬಿಚ್ಚಲು ಹೋದರೆ ಚರ್ಮವೂ ಜೊತೆಗೆ ಬಂತಂತೆ.

ಹುಕುಂ ಕೊಟ್ಟವನಿಗೆ ಬಡ್ತಿ ಸಿಕ್ಕಿತಂತೆ.

"ಅಕ್ಕಾ, ಈ ಭಯ ಹೋಗೋದಕ್ಕೆ ಏನು ಮಾಡಲಿ?" ಎಂದು ಮಾಳಿಂಗ ಕೇಳಿದ.

"ಯಾವುದರ ಭಯ?"

"ಬೋರಿನದು."

"ಅದೊಂದೇನಾ?"

"ಅದೊಂದೇ."

"ಹಾಗಾದರೆ ನೀನು ಪುಣ್ಯವಂತ ಬಿಡು," ಎಂದು ಅಕ್ಕ ಗ್ರೀಸ್ ಮೆತ್ತಿದ ಕೈ ಒರೆಸಿಕೊಳ್ಳುತ್ತ ಹೋದರು.

ಕೆಲವು ದಿನಗಳ ಮೇಲೆ ಬೋರಿನೊಳಗೆ ಉಕ್ಕಿನ ಪೈಪು ಇಳಿಯಿತು. ಪೈಪಿಗೂ ನೆಲಕ್ಕೂ ನಡುವಿನ ಸಂದಿಗೆ ಸಿಮೆಂಟು ತುಂಬಿದರು.

"ಒಂದು ಲೋಟ ಕೊಡು," ಎಂದರು ಅಕ್ಕ.

ಕೈಗೆ ಸಿಕ್ಕಿದ್ದು ಮಾಳಿಂಗನದೇ ಸ್ಟೀಲ್ ಲೋಟ. ಅಕ್ಕ ಅದರ ತುಂಬ ಅದೇ ಸಿಮೆಂಟು ಹೊಯ್ದರು. ಅದನ್ನು ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ನದಿಯಲ್ಲಿ ಮುಳುಗಿಸಿದರು.

"ಇದು ಗಟ್ಟಿಯಾಗುವ ತನಕ ಯಾರೂ ಯಂತ್ರ ಮುಟ್ಟಬಾರದು. ನೋಡಿಕೊಳ್ಳೋದು ನಿನ್ನ ಕೆಲಸ."

"ನೀರಲ್ಲಿ ಯಾಕಕ್ಕಾ? ಕೆಳಗೆ ಸುಡ್ತಾ ಇದೆಯಲ್ಲ?"

"ಕೆಳಗೆ ಸುಡುತ್ತೆ. ಮೇಲಿನ ಮರಳು? ಅದು ನದಿಯಷ್ಟೇ ತಣ್ಣಗಿದೆ. ತಣ್ಣಗಿರೋ ಕಡೆ ಸಿಮೆಂಟು ತಡವಾಗಿ ಸೆಟ್ಟಾಗುತ್ತೆ. ಎಲ್ಲಿ ತಡವೋ ಅದಕ್ಕೆ ನಾವು ಕಾಯಬೇಕು."

"ನಾನು ನೀರು ಕುಡಿಯೋದು ಯಾವುದರಲ್ಲಿ?"

"ದೇವರು ಬೊಗಸೆ ಕೊಟ್ಟಿಲ್ಲವೇನೋ?"

ಆ ಸಂಜೆ ಮಾಳಿಂಗನ ಫೋನಿಗೆ ಪಟ್ಟಣದಿಂದ ಕರೆ ಬಂತು. ಯೋಜನೆಯ ದೊಡ್ಡ ಸಾಹೇಬರು. ಅಕ್ಕ ಫೋನು ಎತ್ತುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಶಿಷ್ಯ ಎತ್ತುತ್ತಾನೆಂದೂ ಗೊತ್ತಿತ್ತು.

"ನಾಳೆ ಬೆಳಿಗ್ಗೆ ಅತಿಥಿಗಳನ್ನು ಕರೆದುಕೊಂಡು ಬರ್ತೀನಿ. ನಿಮ್ಮ ಹೊಸ ಡ್ರಿಲ್ ಬಿಟ್ ಬಂಡೆ ಕೊರೆಯೋದನ್ನ ಅವರು ಕಣ್ಣಾರೆ ನೋಡಬೇಕು."

"ಸರ್, ಸಿಮೆಂಟು ಇನ್ನೂ..."

"ಅಷ್ಟು ಹೊತ್ತಿಗೆ ಸೆಟ್ಟಾಗಿರುತ್ತೆ."

"ಆಗದಿದ್ದರೆ, ಸರ್?"

"ನಿನ್ನ ಜಾಗಕ್ಕೆ ಜನ ಕ್ಯೂ ನಿಂತಿದ್ದಾರಪ್ಪ."

ಬೆಳಗಾಗುತ್ತಿದ್ದಂತೆ ಮಾಳಿಂಗ ನದಿಗೆ ಓಡಿದ. ದಾರ ಎಳೆದು, ಬಟ್ಟೆ ಬಿಚ್ಚಿ, ಸಿಮೆಂಟಿಗೆ ಉಗುರು ಒತ್ತಿದ.

ಬೆಣ್ಣೆಗೆ ಒತ್ತಿದಂತೆ ಉಗುರು ಒಳಗಿಳಿಯಿತು.

ಅಷ್ಟರಲ್ಲಿ ಮೆಸೇಜು ಬಂತು: ಹೊರಟಿದ್ದೇವೆ.

ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಒಲೆಯಲ್ಲಿ ಕೆಂಡವಿತ್ತು. ಮಾಳಿಂಗ ಲೋಟವನ್ನು ಕೆಂಡದ ಪಕ್ಕಕ್ಕೆ ತಳ್ಳಿ, ಮುಂದೆ ಕುಕ್ಕರುಗಾಲಲ್ಲಿ ಕೂತ. ನಾನು ಸುಳ್ಳೇನೂ ಹೇಳುವುದಿಲ್ಲ, ಗಟ್ಟಿಯಾದ ಮೇಲೆಯೇ ಗಟ್ಟಿಯಾಯಿತು ಎನ್ನುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡ.

ಹೆದರಿದವನು ನೇರ ಸುಳ್ಳಾಡುವುದಿಲ್ಲ. ಸುಳ್ಳನ್ನು ಬೇಯಿಸಿ ನಿಜ ಮಾಡಲು ಒಲೆ ಹುಡುಕುತ್ತಾನೆ.

ಲೋಟ ಗಟ್ಟಿಯಾಯಿತು. ಅದನ್ನು ಮತ್ತೆ ನದಿಯಲ್ಲಿ ಅದ್ದಿ ತಣ್ಣಗೆ ಮಾಡಿದ.

ಕಾರುಗಳು ಬಂದವು. ಜೊತೆಗೆ ಬಂದ ಆಳುಗಳು ಶಾಮಿಯಾನ ಹಾಕಿದರು, ಕುರ್ಚಿಗಳಿಗೆ ಬಿಳಿ ಬಟ್ಟೆ ಹೊದಿಸಿದರು. ಎಲ್ಲಿ? ಬೋರಿನ ಹತ್ತಿರವಲ್ಲ. ಆಚೆ, ಹೊಂಗೆ ಮರದ ನೆರಳಲ್ಲಿ, ಮೈಕಿಲ್ಲದಿದ್ದರೆ ಮಾತು ಮುಟ್ಟದಷ್ಟು ದೂರ. ಇದರಲ್ಲಿ ಅಪಾಯವೇ ಇಲ್ಲ ಎಂದು ಊರೂರಿಗೆ ಭಾಷಣ ಮಾಡಿದ ಸಾಹೇಬರು ಆ ದೂರವನ್ನು ತಾವೇ ನಿಂತು ಗುರುತು ಮಾಡಿಸಿದರು.

"ಏನ್ರೀ, ಸೆಟ್ಟಾಯ್ತಾ?" ಎಂದು ಮೈಕಿನಲ್ಲಿ ಕೇಳಿದರು.

ಮಾಳಿಂಗ ಲೋಟವನ್ನು ಎತ್ತಿ ತೋರಿಸಿದ. ಅಕ್ಕ ಅದನ್ನು ಅವನ ಕೈಯಿಂದ ತೆಗೆದುಕೊಂಡರು. ಉಗುರಿನಿಂದ ಬಡಿದರು. ಟಕ್ ಎಂದಿತು. ಆಮೇಲೆ ಲೋಟವನ್ನು ಬೋರಲು ಮಾಡಿ, ತಳವನ್ನು ಹೆಬ್ಬೆರಳಿನಿಂದ ಸವರಿದರು.

ಬೆರಳು ಕಪ್ಪಾಯಿತು. ಒಲೆಯ ಮಸಿ. ನದಿ ಅದನ್ನು ತೊಳೆದಿರಲಿಲ್ಲ.



"ಗಟ್ಟಿಯಾಗಿದೆಯಾ, ತಮ್ಮಾ?"

"ಗಟ್ಟಿಯಾಗಿದೆ, ಅಕ್ಕಾ."

"ಇನ್ನೊಂದು ಸಲ ಹೇಳು."

"ಗಟ್ಟಿ... ಆಗಿದೆ."

ಅಕ್ಕ ಬೈಯಲಿಲ್ಲ. ಕೋಣೆಗೆ ಹೋಗಿ ತಮ್ಮ ಚಾಪೆ ತಂದರು. ಪೈಪಿನ ಬಾಯಿಯ ಪಕ್ಕದಲ್ಲೇ, ಸಿಮೆಂಟು ತುಂಬಿದ ಸಂದಿಗೆ ಕಾಲು ತಾಗುವಂತೆ ಹಾಸಿದರು. ಕೂತರು. ಲೋಟವನ್ನು ಮುಂದಿಟ್ಟುಕೊಂಡರು.

"ಹುಸೇನಣ್ಣ, ಲಿವರ್ ಹಿಡಿ. ಮಾಳಿಂಗ ಕೈ ಎತ್ತಿದ ಕೂಡಲೇ ಶುರು ಮಾಡು."

ಯಂತ್ರ ನಡೆಸುವ ಹುಸೇನಸಾಬನ ಮುಖ ಸಣ್ಣದಾಯಿತು. "ಅಲ್ಲಿ ಕೂರಬೇಡಿ ಅಕ್ಕಾ. ಜಾಗ ಸರಿಯಿಲ್ಲ."

"ಸೆಟ್ಟಾಗಿದೆಯಂತಲ್ಲ? ಸೆಟ್ಟಾದ ಮೇಲೆ ಇದಕ್ಕಿಂತ ಒಳ್ಳೇ ಕಟ್ಟೆ ಎಲ್ಲಿದೆ?"

ಮಾಳಿಂಗ ನಿಂತಲ್ಲೇ ನಿಂತ. ಅಕ್ಕನ ಬರಿಗಾಲು ಕಾಣುತ್ತಿತ್ತು. ಒಡೆದ ಹಿಮ್ಮಡಿ, ಒಂದು ಬೆರಳಿಗೆ ಕಾಲುಂಗುರ. ಅಂಗಿಯ ಜೊತೆ ಬಂದ ಚರ್ಮದ ಕಥೆ ನೆನಪಾಯಿತು.

"ಏನಪ್ಪಾ, ಮುಹೂರ್ತ ನೋಡ್ತಿದ್ದೀಯಾ?" ಎಂದಿತು ಮೈಕು. ಶಾಮಿಯಾನದಡಿ ನಗು ಎದ್ದಿತು.

ಅವನ ಕೈ ಸೊಂಟದಿಂದ ಎದೆಗೆ ಬಂತು. ಎದೆಯಿಂದ ಭುಜಕ್ಕೆ ಬಂತು. ಹುಸೇನಸಾಬ ಅವನ ಕೈಯನ್ನೇ ನೋಡುತ್ತಿದ್ದ. ಅಕ್ಕ ಮಾತ್ರ ನದಿ ನೋಡುತ್ತಿದ್ದರು.

"ಬೇಡ!" ಎಂದು ಮಾಳಿಂಗ ಚೀರಿದ. "ಬೇಡ ಹುಸೇನಣ್ಣ! ಸೆಟ್ಟಾಗಿಲ್ಲ! ಲೋಟ ಒಲೆ ಹತ್ತಿರ ಇಟ್ಟಿದ್ದೆ ನಾನು!"

ನಗು ನಿಂತಿತು.

"ತಲೆ ಕೆಟ್ಟಿದೆಯೇನೋ ನಿಂಗೆ?" ಸಾಹೇಬರು ಎದ್ದು ನಿಂತಿದ್ದರು. "ಲೋಟ ಗಟ್ಟಿಯಾಗಿದೆ, ಎಲ್ಲರೂ ನೋಡಿದ್ದಾರೆ. ಶುರು ಮಾಡಿ!"

ಅಕ್ಕ ಚಾಪೆಯ ಮೇಲೆ ಸ್ವಲ್ಪ ಸರಿದು, ಪಕ್ಕದ ಜಾಗವನ್ನು ಕೈಯಿಂದ ಒರೆಸಿ, ಗಂಟಲೆತ್ತಿ ಕೂಗಿದರು.

"ಬನ್ನಿ ಸಾಹೇಬ್ರೇ. ಇಲ್ಲಿ ಜಾಗ ಇದೆ. ನೀವು ಕೂತ ಕೂಡಲೇ ಶುರು ಮಾಡೋಣ."

ಸಾಹೇಬರು ಅತಿಥಿಗಳ ಕಡೆ ನೋಡಿದರು. ಆಮೇಲೆ ತಮ್ಮ ಬೂಟು ನೋಡಿಕೊಂಡರು.

"ನನಗೆ ನೆಲದ ಮೇಲೆ ಕೂರೋಕಾಗಲ್ಲ. ಮಂಡಿ ನೋವು."

"ಕುರ್ಚಿ ತನ್ನಿ. ಬಿಳಿ ಬಟ್ಟೆ ಸಮೇತ ತನ್ನಿ."

ಕುರ್ಚಿ ಬರಲಿಲ್ಲ. ಅಷ್ಟರಲ್ಲಿ ಒಂದು ಸಣ್ಣ ಸದ್ದಾಯಿತು.

ಗುಳುಕ್.

ಮಾಳಿಂಗ ಸಂದಿನ ಕಡೆ ನೋಡಿದ. ಬೂದು ಬಣ್ಣದ ಸಿಮೆಂಟು ಒಂದು ಕಡೆ ಉಬ್ಬಿ ಒಡೆದಿತ್ತು. ನೋಡುತ್ತಿದ್ದಂತೆ ಅದರ ಪಕ್ಕದಲ್ಲಿ ಇನ್ನೊಂದು ಗುಳ್ಳೆ ಎದ್ದಿತು. ಅಕ್ಕನ ಕಾಲುಂಗುರದ ಹತ್ತಿರವೇ. ನೆಲದೊಳಗಿನ ಗ್ಯಾಸಿನ ಕೊಳೆತ ಮೊಟ್ಟೆಯಂಥ ವಾಸನೆ ಹರಡಿತು. ಹೊಂಗೆ ಮರದವರೆಗೂ ಹೋಯಿತು.

ಮೂಗಿಗೆ ಕರ್ಚೀಫು ಬಂದವು, ಕುರ್ಚಿಗಳು ಉರುಳಿದವು, ಕಾರುಗಳು ಶುರುವಾದವು. ಮೊದಲು ಹೊರಟದ್ದು ಸಾಹೇಬರ ಕಾರು. ಮಂಡಿ ನೋವು ಅಡ್ಡ ಬರಲಿಲ್ಲ.

"ಅಕ್ಕಾ, ಏಳಿ!"

"ಮೊದಲು ಏನು ಮಾಡಬೇಕು, ಅದನ್ನ ಹೇಳು."

"ನೀವು ಏಳಿ ಅಕ್ಕಾ, ಕೈ ಮುಗೀತೀನಿ!"

"ನೋಡಿಕೊಳ್ಳೋ ಕೆಲಸ ಯಾರದು ಮಾಳಿಂಗಾ? ಹೇಳು."

ಮಾಳಿಂಗ ಹುಸೇನಸಾಬನ ಕಡೆ ತಿರುಗಿದ. "ಹುಸೇನಣ್ಣ, ಲಿವರ್ ಬಿಟ್ಟು ಬಾ. ಪೈಪಿನ ವಾಲ್ವ್ ಮುಚ್ಚು. ಸಂದಿಗೆ ತೊಟ್ಟಿಯಲ್ಲಿರೋ ಭಾರದ ಕೆಸರು ಬಿಡು, ತಣ್ಣಗಿರೋದು, ಆ ಭಾರಕ್ಕೇ ಗ್ಯಾಸು ಅಡಗಬೇಕು. ನಿಲ್ಲಿಸಬೇಡ, ಬಿಡ್ತಾ ಇರು!"

ಕೆಸರು ಬಿತ್ತು. ಗುಳ್ಳೆ ಎದ್ದಿತು, ಒಡೆಯಿತು. ಮತ್ತೆ ಕೆಸರು ಬಿತ್ತು. ಗುಳ್ಳೆಗಳ ನಡುವಿನ ಹೊತ್ತು ಹಿಗ್ಗಿತು. ಕೊನೆಯದೊಂದು ಉಬ್ಬಿ, ಒಡೆಯದೆ, ಹಾಗೇ ಒಳಗಿಳಿಯಿತು.

ಯಾರ ಮೈಯೂ ಸುಡಲಿಲ್ಲ.

ಮಾಳಿಂಗ ಇನ್ನೊಂದು ಲೋಟ ತಂದ. ಮೇಲಿನ ಸಂದಿಗೆ ಹೊಸದಾಗಿ ಕಲಸಿ ತುಂಬಿದ ಸಿಮೆಂಟನ್ನೇ ಅದಕ್ಕೂ ಹೊಯ್ದು, ಬಟ್ಟೆ ಸುತ್ತಿ, ನದಿಯಲ್ಲಿ ಇಳಿಬಿಟ್ಟ. ದಾರವನ್ನು ದಂಡೆಯ ಮರದ ಬೇರಿಗೆ ಗಂಟು ಹಾಕಿದ. ಗಂಟನ್ನು ಎಳೆದು ನೋಡಿದ, ಮತ್ತೆ ಎಳೆದು ನೋಡಿದ.

ಅವನು ವಾಪಸು ಬಂದಾಗ ಬಿಸಿಲು ನೆತ್ತಿಗೇರಿತ್ತು. ಅಕ್ಕ ಇನ್ನೂ ಆ ಚಾಪೆಯ ಮೇಲೆಯೇ ಕೂತಿದ್ದರು. ಬೆನ್ನು ನೆಟ್ಟಗೆ, ಕೈ ತೊಡೆಯ ಮೇಲೆ, ವಿಗ್ರಹದ ಹಾಗೆ.

"ನಮ್ಮ ಅಕ್ಕನಿಗೆ ಭಯ ಅನ್ನೋದೇ ಇಲ್ಲ ನೋಡು," ಎಂದು ಕೆಲಸದವರು ದೂರದಿಂದ ಪಿಸುಗುಟ್ಟುತ್ತಿದ್ದರು.

ಮಾಳಿಂಗ ಅಕ್ಕನ ಮುಂದೆ ಮಂಡಿಯೂರಿದ.

"ನನ್ನನ್ನ ಕಳಿಸಿಬಿಡಿ ಅಕ್ಕಾ. ಬೋರಿನ ಭಯ ಒಂದೇ ಅಂದಿದ್ದೆ. ಸಾಹೇಬರ ಭಯ ಅದಕ್ಕಿಂತ ದೊಡ್ಡದಿತ್ತು. ನಿಮ್ಮನ್ನ ಕೊಲ್ಲೋದಕ್ಕೆ ಹೊರಟಿದ್ದೆ."

"ಹೂಂ."

"ನಿಮ್ಮ ಹಾಗೆ ಒಂದು ಚೂರೂ ಭಯವಿಲ್ಲದೆ ಕೂರೋದು ನನಗೆ ಯಾವ ಜನ್ಮಕ್ಕೆ ಬರುತ್ತೆ?"



"ಭಯವಿಲ್ಲದೆ? ಆಗಿನಿಂದ ಏಳೋಣ ಅಂತ ನೋಡ್ತಾ ಇದ್ದೀನಿ, ಕಾಲೇ ಬರ್ತಾ ಇಲ್ಲ. ಕೈ ಕೊಡು, ತಮ್ಮಾ."