ಗುಂಡುಸೂಜಿಯ ಅನುಭವ

ವಿಮಾನ ರಿಪೇರಿ ಕಂಪನಿಯ ಮ್ಯಾನೇಜರ್ ಸಂಪತ್ಕುಮಾರರಿಗೆ ತರಬೇತಿಯ ಅರ್ಜಿ ಓದುತ್ತಲೇ ನಗು ಬಂತು. ಎದುರಿಗೆ ಕೂತಿದ್ದ, ವಿಮಾನದ ಎಂಜಿನಿಯರಿಂಗ್ ಓದುತ್ತಿದ್ದ ಶಶಿರೇಖಾ, ಅನುಭವ ಎಂಬಲ್ಲಿ ಬರೆದಿದ್ದು ಒಂದೇ ಸಾಲು: ‘ಮೂರು ಬೇಸಿಗೆ ರಜೆ, ಬಾಷಾ ಮಾಸ್ಟರ್ ಟೈಲರ್ ಅಂಗಡಿ, ತುಮಕೂರು.’

“ಏನಮ್ಮಾ, ವಿಮಾನಕ್ಕೆ ರವಿಕೆ ಹೊಲೀತೀಯಾ? ಮೊದಲು ಈ ಸಾಲು ಹೊಡೆದುಹಾಕು. ಆಮೇಲೆ ಮಾತು.”

ಶಶಿರೇಖಾ ಪೆನ್ನು ತೆಗೆದಳು. ಆದರೆ ಅವಳ ಕಣ್ಣು ಗಾಜಿನಾಚೆಯ ಶೆಡ್ಡಿನಲ್ಲಿತ್ತು. ಅಲ್ಲಿ ಮೆಕ್ಯಾನಿಕ್‌ಗಳು ಒಂದು ವಿಮಾನದ ಎಂಜಿನ್ನಿಗೆ ಮುಚ್ಚಳ ಹಾಕುತ್ತಿದ್ದರು. ಗೋಡೆಯ ಹಲಗೆಯಲ್ಲಿ ಪ್ರತಿ ಸಾಮಾನಿಗೂ ಹೆಸರು ಬರೆದ ಒಂದೊಂದು ಗೂಡು.

“ಹೊಡೀತೀನಿ ಸರ್. ಅದಕ್ಕೆ ಮುಂಚೆ ಒಂದು ಮಾತು. ನಮ್ಮ ಅಂಗಡೀಲಿ ಗುಂಡುಸೂಜಿ ಎಣಿಸದೆ ಒಂದು ರವಿಕೇನೂ ಕೊಡ್ತಿರಲಿಲ್ಲ. ಚುಚ್ಚೋದು ಹಾಕ್ಕೊಂಡವರಿಗೆ ತಾನೇ? ಅಲ್ಲಿ ನೋಡಿ, ಟಾರ್ಚಿನ ಗೂಡು ಖಾಲಿ ಇದೆ.”

ಮ್ಯಾನೇಜರ ಮುಖ ಬಿಳಿಚಿತು. ಬಾಗಿಲಿಗೆ ಓಡಿ ಕೂಗಿದರು: “ನಿಲ್ಲಿಸ್ರೋ! ಮುಚ್ಚಳ ಬಿಚ್ರೋ!”

ಅರ್ಧ ಗಂಟೆ ಎಂಜಿನ್ನಿನ ಮೂಲೆ ಮೂಲೆ ತಡಕಿದರು. ಟಾರ್ಚ್ ಸಿಗಲಿಲ್ಲ. ಸಂಪತ್ಕುಮಾರರು ಬೆವರು ಒರೆಸಿಕೊಳ್ಳುತ್ತಾ ಒಬ್ಬೊಬ್ಬರನ್ನೂ ಬೈದರು. ಕೊನೆಗೆ, ಹಿಂದೆಯೇ ಶೆಡ್ಡಿಗೆ ಬಂದು ನಿಂತಿದ್ದ ಶಶಿರೇಖಾಳತ್ತ ತಿರುಗಿದರು.

“ನಿಮ್ಮ ಅಂಗಡೀಲಿ ಸೂಜಿ ಸಿಗದೇ ಇದ್ರೆ ಏನು ಮಾಡ್ತಿದ್ರಿ?”

“ಬಾಷಾ ಮಾಸ್ಟರ್ ಕಾಲರ್ ನೋಡ್ತಿದ್ವಿ ಸರ್. ಅವರೇ ಅಲ್ಲಿ ಸಿಕ್ಕಿಸ್ಕೊಂಡು ಮರೆತಿರ್ತಿದ್ರು.”

ಸಂಪತ್ಕುಮಾರರ ಕೈ ಮೆಲ್ಲಗೆ ಕೋಟಿನ ಜೇಬಿಗೆ ಇಳಿಯಿತು. ಬೆಳಿಗ್ಗೆ ತಪಾಸಣೆಗೆಂದು ತಾವೇ ಒಯ್ದಿದ್ದ ಟಾರ್ಚ್ ಅಲ್ಲಿತ್ತು.

ಅವರೇ ಹೋಗಿ ಅದನ್ನು ಗೂಡಿನಲ್ಲಿಟ್ಟು ಬಂದರು. ಅವಳ ಕೈಯಿಂದ ಅರ್ಜಿ ತೆಗೆದುಕೊಂಡರು.

“ಆ ಸಾಲು ಹಾಗೇ ಇರಲಿ ಬಿಡಮ್ಮಾ. ಉಳಿದಿದ್ದನ್ನ ನಾವು ಹೇಳಿಕೊಡ್ತೀವಿ.”