ಶನಿವಾರದ ರೈಲು

"ಗುರುಗಳೇ, ಉಪಕಾರ ಮಾಡಿದವರನ್ನು ಮರೆಯಬಾರದೆಂದು ನೀವೇ ಕಲಿಸಿದಿರಿ. ಹಾಗಿದ್ದ ಮೇಲೆ ಉಪಕಾರಿಯ ಪರವಾಗಿ ನಿಲ್ಲುವುದು ಹೇಗೆ ತಪ್ಪಾದೀತು?" ಎಂದು ಶಿಷ್ಯ ಕೇಳಿದ. ಅವನು ಆ ವಾರವಷ್ಟೇ ತನ್ನೂರಿನ ಪುರಸಭೆಗೆ ಆರಿಸಿ ಬಂದಿದ್ದ. ಅವನನ್ನು ಓದಿಸಿದವನು ಒಬ್ಬ ಗುತ್ತಿಗೆದಾರ.

ಗುರುಗಳು ಒಂದು ಕತೆ ಹೇಳಿದರು.

ನೂರು ವರ್ಷಕ್ಕೂ ಹಿಂದಿನ ಮಾತು. ಅಮೆರಿಕದ ಗೋಧಿ ಸೀಮೆಯಲ್ಲಿ ಒಬ್ಬ ರೈತನಿದ್ದ. ಅಲ್ಲಿಯ ಗೋಧಿ ಪೇಟೆ ಸೇರಬೇಕಾದರೆ ಇದ್ದದ್ದು ಒಂದೇ ರೈಲು. ಅದರ ಒಡೆಯ ಒಬ್ಬ ವರ್ತಕ. ಅವನು ಹೇಳಿದ್ದೇ ಬಾಡಿಗೆ. ಕಾಳು ರೈಲಿನ ಪಾಲಾದರೆ ಬೆಳೆದವನಿಗೆ ಉಳಿಯುತ್ತಿದ್ದದ್ದು ಹೊಟ್ಟು. ಊರವರೆಲ್ಲ ಸೇರಿ ರೈತನನ್ನು ರಾಜ್ಯದ ಶಾಸನಸಭೆಗೆ ಆರಿಸಿದರು. "ಬಾಡಿಗೆಗೊಂದು ಮಿತಿ ಹಾಕಿಸಿ ಬಾ. ನಮಗೆ ಬೇರೇನೂ ಬೇಡ" ಎಂದರು.

ಹೊಸ ವರ್ಷದ ದಿನ ಸದಸ್ಯರಿಗೆಲ್ಲ ಪುಕ್ಕಟೆ ಪಾಸು ಹಂಚುವುದು ವರ್ತಕನ ವಾಡಿಕೆ. ಪಾಸಿದ್ದವನು ಬೇಕೆಂದಾಗ ರೈಲು ಹತ್ತಬಹುದು. ರೈತ ತನ್ನ ಕೈಗೆ ಬಂದ ಪಾಸನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದಾಗ ಹಳೆಯ ಸದಸ್ಯನೊಬ್ಬ ನಕ್ಕ. "ಕಚ್ಚುವುದಿಲ್ಲವಯ್ಯಾ, ಇಟ್ಟುಕೋ. ನ್ಯಾಯಾಧೀಶರ ಜೇಬಿನಲ್ಲೂ ಒಂದಿದೆ." ರೈತ ಅದನ್ನು ಪೆಟ್ಟಿಗೆಯ ತಳಕ್ಕೆ ಹಾಕಿದ.

ಆ ಚಳಿಗಾಲದಲ್ಲೇ ಊರಿನಿಂದ ಸುದ್ದಿ ಬಂತು. ಹೆಂಡತಿಗೆ ವಿಷಮಜ್ವರ.

ಪಾಸು ಪೆಟ್ಟಿಗೆಯಿಂದ ಹೊರಗೆ ಬಂತು. ಅವನ ಊರಿನಲ್ಲಿ ಮೇಲ್ ರೈಲು ನಿಲ್ಲುತ್ತಿರಲಿಲ್ಲ. ವರ್ತಕ ವಿಷಯ ತಿಳಿದು ತಾನಾಗಿಯೇ ನಿಲ್ಲಿಸಲು ಅಪ್ಪಣೆ ಮಾಡಿದ. ಪ್ರತಿ ಶನಿವಾರ ಅಷ್ಟು ದೊಡ್ಡ ರೈಲು ಒಬ್ಬನಿಗಾಗಿ ನಿಲ್ಲುತ್ತಿತ್ತು. ರೈತ ಹೆಂಡತಿಯ ಕೈ ಹಿಡಿದು ಕೂತಿರುತ್ತಿದ್ದ, ಭಾನುವಾರ ಸಂಜೆ ಹಿಂದಿರುಗುತ್ತಿದ್ದ. ಹಿಮ ಕರಗುವ ಹೊತ್ತಿಗೆ ಅವಳು ಎದ್ದು ಓಡಾಡಿದಳು.

ರೈತ ವರ್ತಕನಲ್ಲಿಗೆ ಹೋಗಿ ಹ್ಯಾಟು ತೆಗೆದು ನಿಂತ. ಅವನ ಕಣ್ಣು ತುಂಬಿತ್ತು. "ನಿಮ್ಮ ಋಣ ಹೇಗೆ ತೀರಿಸಲಿ, ಒಡೆಯರೇ?"

"ಛೆ, ಋಣವೆಂಥದ್ದು! ಮನೆಯವರು ಹುಷಾರಾದರಲ್ಲ" ಎಂದು ವರ್ತಕ ಬೆನ್ನು ತಟ್ಟಿದ. ಏನನ್ನೂ ಕೇಳಲಿಲ್ಲ.

ಮುಂದೆ ಬಾಡಿಗೆಯ ಮಸೂದೆ ಸಭೆಗೆ ಬಂತು. ಎರಡು ಕಡೆಯೂ ಸಮಸಮ. ಸೋಮವಾರ ಮತ ಹಾಕಬೇಕು. ರೈತನಿಗೆ ಊಟ ಸೇರಲಿಲ್ಲ. ಊರಿಗೆ ಮಾತು ಕೊಟ್ಟದ್ದು ನಿಜ. ಆದರೆ ಉಂಡ ಮನೆಯ ಜಂತೆ ಎಣಿಸುವುದು ಹೇಗೆ? ಯೋಚಿಸಿ ಯೋಚಿಸಿ ಒಂದು ದಾರಿ ಹುಡುಕಿದ. ಶನಿವಾರ ಊರಿಗೆ ಹೋಗುವುದು, ಸೋಮವಾರ ಕಳೆದ ಮೇಲೆ ಬರುವುದು. ಮತವನ್ನೇ ಹಾಕದಿದ್ದರೆ ಯಾರಿಗೂ ಎರಡು ಬಗೆದಂತಾಗದು ಎಂದುಕೊಂಡ.

ಭಾನುವಾರ ಮಧ್ಯಾಹ್ನವಾದರೂ ಅವನು ಹೊರಡುವ ಸಿದ್ಧತೆ ಮಾಡದ್ದನ್ನು ಕಂಡು ಹೆಂಡತಿ ಕಾರಣ ಕೇಳಿದಳು.

"ಅವನ ವಿರುದ್ಧ ಹೇಗೆ ಮತ ಹಾಕಲಿ? ಆ ಪುಣ್ಯಾತ್ಮ ಇಲ್ಲದಿದ್ದರೆ ನಾನು ನಿನ್ನ ಮುಖ ನೋಡುತ್ತಿರಲಿಲ್ಲ" ಎಂದ ರೈತ.

"ಶನಿವಾರ ನೀವು ಬಂದಿರಿ. ಅದಕ್ಕೇ ಜೀವ ಹಿಡಿದುಕೊಂಡಿದ್ದೆ. ಆದರೆ ಸೋಮವಾರದಿಂದ ಶುಕ್ರವಾರದವರೆಗೆ ಯಾರು ಬಂದರು ಅಂತ ಒಂದು ಸಲವಾದರೂ ಕೇಳಿದಿರಾ?"

ರೈತ ಕೇಳಿರಲಿಲ್ಲ. ಅವಳು ಹೇಳಿದಳು. ಹಿಮದಲ್ಲಿ ನಡೆದು ಬಂದು ಗಂಜಿ ಕುಡಿಸಿದವಳು ಪಕ್ಕದ ಮನೆಯವಳು. ಹಸು ಕರೆದವರು, ಸೌದೆ ಒಡೆದವರು, ಹಾಸಿಗೆಯ ಬಟ್ಟೆ ಒಗೆದವರು, ಎಲ್ಲರೂ ಅವನನ್ನು ಆರಿಸಿ ಕಳಿಸಿದ ಮನೆಗಳವರೇ. ಅವರಲ್ಲಿ ಒಬ್ಬರ ಮುಂದೆಯೂ ಅವನು ಹ್ಯಾಟು ತೆಗೆದಿರಲಿಲ್ಲ. ನಮ್ಮವರೇ ಅಲ್ಲವೇ ಎಂದು ಸುಮ್ಮನಿದ್ದುಬಿಟ್ಟಿದ್ದ.

ರೈತ ಎದ್ದು ಹೋಗಿ ಪಕ್ಕದ ಮನೆಯ ಬಾಗಿಲಲ್ಲಿ ನಿಂತ. ಹ್ಯಾಟು ತೆಗೆದ.

ಆ ಮನೆಯಾಕೆ ಅವನನ್ನು ಮೇಲಿಂದ ಕೆಳಗೆ ನೋಡಿ, "ಏನಪ್ಪಾ, ನಿನಗೂ ಗಂಜಿ ಬೇಕೇ?" ಎಂದು ನಕ್ಕಳು.

"ಬೇಡ ತಾಯಿ. ಜಂಕ್ಷನ್ನಿನವರೆಗೆ ಒಂದು ಗಾಡಿ ಬೇಕು."

ಆ ಪಾಸನ್ನು ಇನ್ನು ಬಳಸಬಾರದೆಂದು ಅವನು ನಿಶ್ಚಯಿಸಿದ್ದ; ಪಾಸು ತೋರಿಸದವನಿಗೆ ಊರಿನಲ್ಲಿ ಮೇಲ್ ರೈಲು ನಿಲ್ಲದು. ಮನೆಯಾಕೆಯ ಗಂಡ ಕುದುರೆ ಕಟ್ಟಿದ. "ದೊರೆಗಳೇ, ಹಲ್ಲು ಜೋಪಾನ. ನಮ್ಮ ಗಾಡಿ ಕುಲುಕುತ್ತದೆ" ಎಂದ. ದಾರಿಯುದ್ದಕ್ಕೂ ರೈತ ಅವನ ಪಕ್ಕದಲ್ಲೇ ಕೂತಿದ್ದ. ಎಷ್ಟೋ ದಿನಗಳ ಮೇಲೆ ಎದೆ ಹಗುರಾಗಿತ್ತು. ಜಂಕ್ಷನ್ನಿನಲ್ಲಿ ಟಿಕೆಟು ಕೊಂಡು ರಾಜಧಾನಿ ಸೇರಿದ.

ಸೋಮವಾರ ಅವನು ಮಸೂದೆಯ ಪರವಾಗಿ ಮತ ಹಾಕಿದ. ಮಸೂದೆ ಗೆದ್ದಿತು.

ಅಂದೇ ಸಂಜೆ ವರ್ತಕನ ಮನೆಗೆ ಹೋದ. ಊರಿನಿಂದ ಹೊತ್ತು ತಂದ ಒಂದು ಬುಟ್ಟಿ ಸೇಬನ್ನು ಅವನ ಮುಂದಿಟ್ಟ. ಪಕ್ಕದಲ್ಲಿ ಪಾಸನ್ನೂ ಇಟ್ಟ. "ನನ್ನ ಹೆಂಡತಿಯ ಮುಖ ಕಾಣಿಸಿದಿರಿ. ಬದುಕಿರುವವರೆಗೂ ಮರೆಯುವುದಿಲ್ಲ. ಇದು ನನ್ನ ಸ್ವಂತ ಮರದ ಹಣ್ಣು" ಎಂದ. ಆ ಮಾತಿನಲ್ಲಿ ಕೊಂಕಿರಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ವರ್ತಕನಿಗೆ ಅಷ್ಟು ಸಾಕಾಯಿತೇ, ಗುರುಗಳೇ?"

"ಅವನು ಮಾಡಿದ್ದು ಉಪಕಾರವೇ ಆಗಿದ್ದರೆ, ಒಂದು ಬುಟ್ಟಿ ಸೇಬು ಸಾಕಾಗಿರುತ್ತದೆ" ಎಂದರು ಗುರುಗಳು.