ಗೂಡು ಬಿಚ್ಚುತ್ತಿದ್ದ ಗೀಜಗ

ಜಾಲಿ ಮರದ ಗೀಜಗವೊಂದಕ್ಕೆ ಹೊಸ ಚಟ ಹತ್ತಿತ್ತು. ಪಕ್ಕದ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಮೇಷ್ಟ್ರು, "ತಪ್ಪಾದರೆ ಗಾಬರಿ ಬೇಡ, ಅನ್‌ಡೂ ಒತ್ತಿ, ಮೊದಲಿನಂತಾಗುತ್ತೆ" ಎಂದದ್ದು ಕಿಟಕಿಯಿಂದ ಅದರ ಕಿವಿಗೆ ಬಿದ್ದಿತ್ತು. ಅಂದಿನಿಂದ ಅದಕ್ಕೆ ಕೂತಲ್ಲಿ ಕೂರಲಾಗದು. ಒಂದು ಎಳೆ ಹೆಣೆಯುವುದು, ಹಾರಿ ದೂರದಿಂದ ನೋಡುವುದು, ಸರಿಯಿಲ್ಲವೆಂದು ಬಿಚ್ಚುವುದು.

ಪಕ್ಕದ ಕೊಂಬೆಯ ಗೀಜಗ ಹೇಳಿತು: "ಅಣ್ಣಾ, ಹುಲ್ಲು ಹಸಿಯಿರುವಾಗ ಮಾತ್ರ ಬಾಗುತ್ತೆ. ನೀನು ಬಿಚ್ಚಿದ್ದೆಲ್ಲ ಒಣಗಿ ಮುರಿಯುತ್ತಿದೆ, ಕಾಣಿಸುತ್ತಿಲ್ಲವೇ?"

"ನಿನ್ನ ಗೂಡು ಸೊಟ್ಟಗಿದೆ, ಅದು ನಿನಗೆ ಕಾಣಿಸುತ್ತಿಲ್ಲವೇ?"

"ಕಾಣಿಸುತ್ತಿದೆ. ಮುಂದಿನ ಎಳೆಯನ್ನು ಸ್ವಲ್ಪ ಬಿಗಿದು ಸರಿಮಾಡಿಕೊಳ್ಳುತ್ತೇನೆ."

ಗೀಜಗಗಳಲ್ಲಿ ಹೆಣ್ಣು ಬಂದು ಗೂಡು ನೋಡಿ ಒಪ್ಪಿದರೇ ಸಂಸಾರ. ಅಷ್ಟರಲ್ಲಿ ಒಂದು ಹೆಣ್ಣು ಬಂದೇಬಿಟ್ಟಿತು.

"ನಿಮ್ಮ ಗೂಡೆಲ್ಲಿ?"

"ಒಂದು ಗಳಿಗೆ ಇರಿ. ಮೊದಲು ಗೋಡೆ ದಪ್ಪವಾಗಿತ್ತು, ಬಿಚ್ಚಿದೆ. ಆಮೇಲೆ ಬಾಗಿಲು ತುಸು ಎಡಕ್ಕೆ ಬಂತು, ಅದನ್ನೂ ಬಿಚ್ಚಿದೆ. ಈ ಸಲ ಕೂದಲೆಳೆಯಷ್ಟೂ ತಪ್ಪುವುದಿಲ್ಲ."

"ಬಾಗಿಲು ಎಡಕ್ಕಿದ್ದಿದ್ದರೆ ನಾನು ಎಡಗಡೆಯಿಂದಲೇ ಬರುತ್ತಿದ್ದೆ" ಎಂದಿತು ಹೆಣ್ಣು. ಪಕ್ಕದ ಸೊಟ್ಟ ಗೂಡಿನೊಳಗೆ ಹೋಯಿತು. ಮತ್ತೆ ಹೊರಗೆ ಬರಲಿಲ್ಲ.

ಗೀಜಗ ತನ್ನ ಕೊಂಬೆಯನ್ನು ನೋಡಿಕೊಂಡಿತು. ಅಲ್ಲಿ ಉಳಿದಿದ್ದು ಶುರುವಿನಲ್ಲಿ ಹಾಕಿದ್ದ ಒಂದೇ ಗಂಟು.

"ಎಲ್ಲಾ ಇದರಿಂದಲೇ ಆದದ್ದು" ಎಂದು ಗೊಣಗುತ್ತ, ಅದನ್ನೂ ಬಿಚ್ಚತೊಡಗಿತು.